ಅಕ್ಕನ ತಲೆಯ ಸ್ಕ್ಯಾನು

ನಮ್ಮೂರಲ್ಲಿ ಒಂದು ಹಾಡು ಹುಣಸೆಬೀಜದಷ್ಟು ತೂಗುತ್ತದೆ. ಫೋಟೊ ಅದಕ್ಕಿಂತ ಹಗುರ, ವೀಳ್ಯದೆಲೆಯಷ್ಟು. ಮದುವೆಯ ವಿಡಿಯೊ ಮಾಡಿಸಿದರೆ ಮಾತ್ರ ಹಮಾಲರನ್ನು ಕರೆಯಬೇಕು, ಅದು ಒಂದು ಚೀಲ ಜೋಳಕ್ಕೆ ಕಡಿಮೆ ಇರುವುದಿಲ್ಲ. ಹೊರಗಿನಿಂದ ಬಂದ ಸೊಸೆಯರು ಬಸ್ಸಿಳಿದ ಕೂಡಲೇ ಫೋನನ್ನು ಕಾಲ ಮೇಲೆ ಕೆಡವಿಕೊಂಡು ಅಳುತ್ತಾರೆ. ಸ್ವಲ್ಪ ದಿನಕ್ಕೆ ಅವರೂ ನಮ್ಮಂತಾಗುತ್ತಾರೆ. ಬೇಡದ್ದನ್ನೆಲ್ಲ ಅಳಿಸಿ, ಉಳಿದದ್ದನ್ನು ಕೂಸಿನ ಹಾಗೆ ಸೊಂಟದ ಮೇಲೆ ಕೂಡಿಸಿಕೊಂಡು ಸಂತೆಗೆ ಹೋಗುತ್ತಾರೆ. ಇಂಟರ್ನೆಟ್ಟು ನಮ್ಮೂರಿಗೆ ಬರಲಿಲ್ಲ. ಟವರ್ ನೆಟ್ಟರು, ತಂತಿ ಎಳೆದರು, ಸಚಿವರು ಬಂದು ರಿಬ್ಬನ್ನು ಕತ್ತರಿಸಿದರು. ಊರಿನ ಅಗಸೆಬಾಗಿಲ ಆಚೆ ಕುಣಿಯುವ ಸಿಗ್ನಲ್ಲು ಈಚೆ ಕಾಲಿಡಲಿಲ್ಲ. ಏನು ಕಳಿಸುವುದಿದ್ದರೂ ಡಿಸ್ಕಿಗೆ ಹಾಕಿ ಹೊತ್ತುಕೊಂಡೇ ಹೋಗಬೇಕು.

ಊರೆಂದರೆ ಕೆಳಪೇಟೆ ಮತ್ತು ಮೇಲಪೇಟೆ. ನಡುವೆ ಕಲ್ಲಿನ ಮೆಟ್ಟಿಲುಗಳ ಪಾವಟಿಗೆ, ಗಾಡಿ ಹೋಗುವ ದಾರಿಯಿಲ್ಲ. ಬಸ್‌ಸ್ಟ್ಯಾಂಡು ಇರುವುದು ಕೆಳಪೇಟೆಯಲ್ಲಿ, ದೊಡ್ಡ ಆಸ್ಪತ್ರೆ, ಕಾಲೇಜು, ಟಾಕೀಸು ಎಲ್ಲ ಮೇಲಪೇಟೆಯಲ್ಲಿ. ಹೀಗಾಗಿ ಮೇಲಿನವರು ನೋಡುವ ಸಿನಿಮಾದಿಂದ ಹಿಡಿದು ಓದುವ ಪಾಠದವರೆಗೆ ಎಲ್ಲವೂ ನಮ್ಮ ಕಡೆಯ ಹಮಾಲರ ಹೆಗಲ ಮೇಲೆಯೇ ಏರಬೇಕು.

ಬಸ್‌ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುತ್ತಿದ್ದೆವು, ನಾನು ಮತ್ತು ನನ್ನ ಅಕ್ಕ ಚಂಪವ್ವ. ನನ್ನ ಹೆಸರು ತಂಗೆವ್ವ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ನಾನು ಪಲ್ಯ, ಸಾರು, ಚಟ್ನಿಪುಡಿ ನೋಡಿಕೊಳ್ಳುತ್ತಿದ್ದೆ. ಅಕ್ಕ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಹಮಾಲರು ಹೊರೆ ಇಳಿಸಿ ಕೈ ತೊಳೆಯಲು ಹೋಗುತ್ತಿದ್ದರು. ಅವಳಿಗೆ ಮಾತು ಬಹಳ. ಬಡಿಯುತ್ತಲೇ ಒಬ್ಬೊಬ್ಬರ ಮನೆಯ ಸುದ್ದಿ ಕೇಳುತ್ತಿದ್ದಳು, ಬುದ್ಧಿ ಹೇಳುತ್ತಿದ್ದಳು, ಬೈಯುತ್ತಿದ್ದಳು.

ಒಂದು ಮಧ್ಯಾಹ್ನ ಆ ಸಪ್ಪಳ ನಡುವೆಯೇ ನಿಂತಿತು. ತಿರುಗಿ ನೋಡಿದರೆ ಅಕ್ಕ ಹಿಟ್ಟಿನ ಕೈಯಲ್ಲೇ ಹಿಂದಲೆ ಹಿಡಿದುಕೊಂಡಿದ್ದಳು. "ಯಾರೋ ಒನಕೀಲೆ ಹೊಡದಂಗ ಆತಲ್ಲೇ ತಂಗೀ" ಎಂದಳು. ಹಾಗೆಯೇ ಪಕ್ಕಕ್ಕೆ ವಾಲಿದಳು.

ಕೆಳಪೇಟೆಯ ಆಸ್ಪತ್ರೆಯಲ್ಲಿ ಸ್ಕ್ಯಾನು ಮಾಡಿದರು. ಮಿದುಳಿನೊಳಗೆ ಒಂದು ರಕ್ತನಾಳ ದ್ರಾಕ್ಷಿ ಹಣ್ಣಿನಂತೆ ಉಬ್ಬಿ ಜಿನುಗುತ್ತಿದೆ ಎಂದರು ಅಲ್ಲಿಯ ಡಾಕ್ಟರು. ಅದನ್ನು ಸರಿಪಡಿಸಬಲ್ಲವರು ಮೇಲಪೇಟೆಯ ದೊಡ್ಡ ಆಸ್ಪತ್ರೆಯ ಡಾಕ್ಟರ್ ಅನಸೂಯಾ ಒಬ್ಬರೇ. ಅಕ್ಕನನ್ನು ಅಲುಗಾಡಿಸುವಂತಿಲ್ಲ, ಪಾವಟಿಗೆ ಹತ್ತಿಸುವ ಮಾತಂತೂ ದೂರವೇ ಉಳಿಯಿತು. ಸ್ಕ್ಯಾನನ್ನು ಮೇಲೆ ಕಳಿಸಿದರೆ ಅನಸೂಯಾ ಡಾಕ್ಟರು ನೋಡುತ್ತಾರೆ, ಬೇಕೆನಿಸಿದರೆ ತಾವೇ ಸಾಮಾನು ತೆಗೆದುಕೊಂಡು ಇಳಿದು ಬರುತ್ತಾರೆ. ನೋಡದೆ ಯಾರದೇ ತಲೆ ತೆರೆಯಲು ಅವರು ಒಪ್ಪುವುದಿಲ್ಲ. ಇದೆಲ್ಲ ಸರಿಯಾದ ಮಾತೇ. ಇಲ್ಲಿಯವರೆಗೆ ಯಾರದೂ ತಪ್ಪಿರಲಿಲ್ಲ.

ಸ್ಕ್ಯಾನಿನ ಯಂತ್ರ ನೋಡಿಕೊಳ್ಳುವ ಮಾಂತಯ್ಯನವರು ಅಕ್ಕನ ತಲೆಯನ್ನು ಒಂದು ಡಿಸ್ಕಿಗೆ ಇಳಿಸಿದರು. ಅಂಗೈಯಗಲದ ಡಿಸ್ಕು. ಅದು ತುಂಬುತ್ತ ಹೋದಂತೆ ಮೇಜಿನ ಕಾಲುಗಳು ಕಿರುಗುಟ್ಟಿದವು. ಹಮಾಲರ ಮುಕಾದಮ ದಸ್ತಗೀರಣ್ಣ ಮೂವರನ್ನು ಕರೆದುಕೊಂಡು ಬಂದ. ಡಿಸ್ಕನ್ನು ಹಗ್ಗದ ಬಲೆಯಲ್ಲಿಟ್ಟು ಗಳಕ್ಕೆ ಕಟ್ಟಿ ಎತ್ತಿದರು.

"ಚಂಪಕ್ಕನ ತಲ್ಯಾಗ ಇಷ್ಟ ಐತಿ ಅಂತ ಗೊತ್ತಿದ್ದಿಲ್ಲ" ಎಂದ ದಸ್ತಗೀರಣ್ಣ, ನನ್ನನ್ನು ನಗಿಸಲು. ಅರ್ಧ ಏರುವಷ್ಟರಲ್ಲಿ ಅವನೇ ಎರಡು ಸಲ ಹೆಗಲು ಬದಲಿಸಿದ.

ದೊಡ್ಡ ಆಸ್ಪತ್ರೆಯಲ್ಲಿ ಹೊರಗಿನಿಂದ ಬಂದ ಸ್ಕ್ಯಾನುಗಳನ್ನು ತೆಗೆದುಕೊಳ್ಳಲೆಂದೇ ಒಂದು ಕೌಂಟರ್ ಇದೆ. ಅಲ್ಲಿ ಸುರೇಂದ್ರ ಎಂಬ ಹುಡುಗ ಕೂತಿದ್ದ. ಹುಡುಗ ಎನ್ನುತ್ತೇನೆ, ಮದುವೆಯಾದ ಗಂಡಸೇ. ಮಾತು ಬಹಳ ಮೆತ್ತಗೆ. "ಬನ್ನಿ ಅಮ್ಮಾ, ಕೂತ್ಕೊಳ್ಳಿ" ಎಂದ. ಅವನು ಒರಟನಾಗಿದ್ದರೆ ನನಗೆ ಅಂದೇ ಜಗಳ ತೆಗೆಯಲು ಅನುಕೂಲವಾಗುತ್ತಿತ್ತು.

ಡಿಸ್ಕನ್ನು ಅವನ ಮೇಜಿನ ಮೇಲಿಳಿಸಿದೆವು. ಹಲಗೆ ನಡುವೆ ಬಾಗಿತು. ಅವನು ವೈರು ಚುಚ್ಚಿ ಪರದೆ ನೋಡಿ, "ಇದರಲ್ಲಿ ಏನೂ ಇಲ್ಲವಲ್ಲ" ಎಂದ.

"ಏನೂ ಇಲ್ಲಂದ್ರ ಹೆಂಗ್ರೀ ಸರ? ನಾಕು ಮಂದಿ ಹೊತ್ತು ತಂದೀವಿ" ಎಂದೆ.

"ಯಂತ್ರ ಹೇಳ್ತಿದೆ ಅಮ್ಮಾ. ಡಿಸ್ಕು ಗುರುತು ಸಿಗ್ತಾ ಇಲ್ಲ, ಮೊದಲು ಫಾರ್ಮ್ಯಾಟ್ ಮಾಡಬೇಕಂತೆ."

"ಫಾರ್ಮ್ಯಾಟ್ ಅಂದ್ರ?"

ಅವನು ಉತ್ತರ ಹೇಳುವುದಕ್ಕಿಂತ ಮೊದಲೇ ಗುಂಡಿ ಒತ್ತಿಬಿಟ್ಟಿದ್ದ. ಬಾಗಿದ್ದ ಹಲಗೆ ಟಕ್ಕೆಂದು ನೆಟ್ಟಗಾಯಿತು. ನಾನು ಡಿಸ್ಕಿಗೆ ಕೈ ಹಾಕಿದೆ. ನಾಲ್ಕು ಗಂಡಸರು ಏದುಸಿರು ಬಿಡುತ್ತ ತಂದದ್ದು ನನ್ನ ಎರಡು ಬೆರಳಿಗೆ ಒಣಗಿದ ಎಲೆಯಂತೆ ಎದ್ದು ಬಂತು. ನಮ್ಮೂರಿನವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ದಸ್ತಗೀರಣ್ಣ ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ, ಸತ್ತವರ ಮನೆಯಲ್ಲಿ ಹಿಡಿದುಕೊಳ್ಳುವ ಹಾಗೆ.

"ಈಗ ಚೊಕ್ಕ ಆಯ್ತು ನೋಡಿ. ಇದರಲ್ಲಿ ಹಾಕಿಸಿಕೊಂಡು ಬನ್ನಿ" ಎಂದ ಸುರೇಂದ್ರ. ಅವನ ಮುಖದಲ್ಲಿ ಉಪಕಾರ ಮಾಡಿದವನ ಕಳೆ ಇತ್ತು. "ಹೋಗುವಾಗ ಭಾರ ಇಲ್ಲ, ಸುಲಭ."

ನಾನು ಕೆಳಗೆ ಬಂದು ಮಾಂತಯ್ಯನವರ ಮುಂದೆ ಡಿಸ್ಕು ಇಟ್ಟೆ. ಅವರು ಹಣೆ ಒತ್ತಿಕೊಂಡರು. ಅಕ್ಕನ ಸ್ಕ್ಯಾನು ಯಂತ್ರದಲ್ಲಿ ಇನ್ನೂ ಇತ್ತು, ಅದೊಂದು ಸಮಾಧಾನ. ಆದರೆ ಕೆಳಗಿನ ಆಸ್ಪತ್ರೆಯ ಯಂತ್ರವನ್ನು ಕೊಂಡದ್ದು ಒಂದು ಕಡೆ, ಮೇಲಿನದ್ದನ್ನು ಕೊಂಡದ್ದು ಇನ್ನೊಂದು ಕಡೆ. ಇದು ಬರೆದ ಡಿಸ್ಕು ಅದರ ಕಣ್ಣಿಗೆ ಖಾಲಿ, ಅದು ಚೊಕ್ಕ ಮಾಡಿದ ಡಿಸ್ಕು ಇದಕ್ಕೆ ಬರೆಯಲು ಬಾರದು.

"ಎರಡೂ ಕಡೆ ಓದೋವಂಥಾ ಹಳೇ ಪದ್ಧತಿ ಒಂದೈತಿ" ಎಂದರು ಮಾಂತಯ್ಯನವರು. "ಹಾಡು, ಫೋಟೊ ಎಲ್ಲಾ ಮಂದಿ ಅದರಾಗ ಒಯ್ತಾರ. ಆದರ ಅದಕ್ಕ ಇಷ್ಟ ದೊಡ್ಡ ಫೈಲು ಇಡಿಯಾಗಿ ನುಂಗಾಕ ಆಗಂಗಿಲ್ಲ. ತುಂಡು ಮಾಡಿ ಹಾಕಬೇಕು. ಮ್ಯಾಲ ಅವರು ಮತ್ತ ಕೂಡಿಸ್ಕೋಬೇಕು."

"ಕೂಡಿಸ್ಕೊಂತಾರೇನ್ರಿ?"

"ಕೂಡಸೋದೇನೂ ದೊಡ್ಡ ಕೆಲಸ ಅಲ್ಲವಾ. ಮನಸ್ಸಿದ್ರ ಆತು."

ಮರುದಿನ ಬೆಳಿಗ್ಗೆ ಅಕ್ಕನನ್ನು ನೋಡಲು ಹೋದೆ. ಎಚ್ಚರವಿತ್ತು. ನನ್ನ ಕೈ ಹಿಡಿದು, "ಖಾನಾವಳಿ ಬಾಗಲಾ ತಗದಿಯೋ ಇಲ್ಲೋ? ಹಮಾಲರು ಉಪಾಸ ಕುಂತಾರ" ಎಂದು ಗದರಿಸಿದಳು. ಬಲಗೈಯಿಂದಲೇ ಹಿಡಿದಿದ್ದಳು, ಬಿಗಿಯಾಗಿಯೇ ಹಿಡಿದಿದ್ದಳು. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ಎರಡನೆಯ ಸಲ ಹೊತ್ತೊಯ್ದದ್ದು ತುಂಡು ತುಂಡಾದ ಸ್ಕ್ಯಾನು. ಭಾರ ಅಷ್ಟೇ ಇತ್ತು. ಈ ಸಲ ಸುರೇಂದ್ರನ ಕೈ ಗುಂಡಿಯ ಹತ್ತಿರ ಹೋಗದಂತೆ ನಾನು ಮೇಜಿಗೆ ಒತ್ತಿಕೊಂಡೇ ನಿಂತೆ. ಡಿಸ್ಕು ತೆರೆಯಿತು. ತುಂಡುಗಳೆಲ್ಲ ಪರದೆಯ ಮೇಲೆ ಸಾಲಾಗಿ ಕಂಡವು. ನನ್ನ ಎದೆ ಹಗುರಾಯಿತು.

"ಇದು ತುಂಡಾಗಿದೆಯಲ್ಲ ಅಮ್ಮಾ" ಎಂದ.

"ಹೌದ್ರೀ. ಕೂಡಿಸ್ಕೋಬೇಕಂತ."

"ಕೂಡಿಸುವುದಕ್ಕೆ ಬೇರೆ ಪ್ರೋಗ್ರಾಮು ಹಾಕಬೇಕು. ಹಾಕುವುದಕ್ಕೆ ಅನುಮತಿ ಬೇಕು. ಅನುಮತಿ ಕೊಡುವವರು ರಜೆ ಮೇಲಿದ್ದಾರೆ." ಅವನು ಬೆರಳು ಮಡಿಚುತ್ತ ಹೇಳಿದ. "ಅದೂ ಅಲ್ಲದೆ ನಮ್ಮಲ್ಲಿ ಪೂರ್ತಿ ಸ್ಕ್ಯಾನು ಮಾತ್ರ ತಗೋಬೇಕು ಅಂತ ನಿಯಮ. ನಾಳೆ ಒಂದು ತುಂಡು ಕಳೆದುಹೋದರೆ ಜವಾಬ್ದಾರಿ ಯಾರದು ಹೇಳಿ?"

"ನಿನ್ನಿ ಪೂರ್ತಿ ತಂದಿದ್ದೆ. ಅಳಿಸಿದ್ರಿ. ಅದರ ಜವಾಬ್ದಾರಿ ಯಾರದ್ರೀ?"

"ಅದು ನಾನು ಅಳಿಸಿದ್ದಲ್ಲ, ಯಂತ್ರ ಕೇಳ್ತು."

"ಯಂತ್ರ ಕೇಳಿದ್ದು ನಿಮ್ಮನ್ನ. ಹೂಂ ಅಂದವರು ನೀವು."

ಅವನಿಗೆ ಕೋಪ ಬರಲಿಲ್ಲ. ಬಂದಿದ್ದರೆ ಅವನೂ ಮನುಷ್ಯ ಎಂದುಕೊಳ್ಳುತ್ತಿದ್ದೆ. ಸರಿ, ಡಾಕ್ಟರಮ್ಮನ ಹತ್ತಿರ ನಾನೇ ಹೋಗಿ ಹೇಳುತ್ತೇನೆ, ಎಲ್ಲಿದ್ದಾರೆ ತೋರಿಸಿ ಎಂದೆ. ನೋಂದಣಿಯಾಗದ ಕೇಸು ಮೇಡಂವರೆಗೆ ಹೋಗುವಂತಿಲ್ಲ ಎಂದ. ನೋಂದಣಿ ಮಾಡಿರಿ ಎಂದೆ. ಸ್ಕ್ಯಾನು ತೆರೆಯದೆ ನೋಂದಣಿಯಾಗುವುದಿಲ್ಲ ಎಂದ. ಸ್ಕ್ಯಾನು ತೆರೆಯಿರಿ ಎಂದೆ. ತುಂಡಾಗಿದೆಯಲ್ಲ ಅಮ್ಮಾ ಎಂದ. ನನ್ನ ದನಿ ಏರಿತು. ಕಾವಲುಗಾರ ಬಂದು, ಬೇರೆ ರೋಗಿಗಳಿಗೆ ತೊಂದರೆಯಾಗುತ್ತದೆ ಎಂದು ನಮ್ಮನ್ನು ಹೊರಗೆ ಹಾಕಿದ. ಅಲ್ಲಿ ಬೆಂಚಿನ ಮೇಲೆ ಕೂತ ರೋಗಿಗಳು ಯಾರೂ ತೊಂದರೆ ಎಂದಿರಲಿಲ್ಲ. ಒಬ್ಬ ಮುದುಕಿಯಂತೂ ಇನ್ನೂ ನಾಲ್ಕು ಬಯ್ಯಿ ಎಂಬಂತೆ ನನ್ನತ್ತ ಗೋಣು ಹಾಕಿದಳು.

ನಾವು ಅಕ್ಕನ ತಲೆಯನ್ನು ಹೊತ್ತುಕೊಂಡು ಮತ್ತೆ ಇಳಿದೆವು. ಇಳಿಯುವುದೇ ಕಷ್ಟ, ಭಾರ ಮುಂದಕ್ಕೆ ನೂಕುತ್ತದೆ. ಕೆಳಗೆ ಬಂದಾಗ ಆಸ್ಪತ್ರೆಯ ಬಾಗಿಲಲ್ಲಿ ಮಾಂತಯ್ಯನವರು ನಿಂತಿದ್ದರು. ಅವರ ಮುಖ ನೋಡಿ ನಾನು ಒಳಗೆ ಓಡಿದೆ. ದ್ರಾಕ್ಷಿ ಇನ್ನೊಮ್ಮೆ ಜಿನುಗಿತ್ತು. ಅಕ್ಕನ ಬಲಗೈ ಹಾಸಿಗೆಯ ಅಂಚಿನಿಂದ ಯಾರದೋ ಕೈಯಂತೆ ಜೋತುಬಿದ್ದಿತ್ತು. ನನ್ನನ್ನು ಕಂಡು ಏನೋ ಹೇಳಿದಳು. ಅದರಲ್ಲಿ ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಅವಳಿಗೂ ತಿಳಿಯಿತು. ಅಷ್ಟು ಮಾತಿನವಳು ಬಾಯಿ ಮುಚ್ಚಿ ಗೋಡೆ ನೋಡಿದಳು.

ಆಗ ನನಗೆ ಅಳು ಬರಲಿಲ್ಲ. ಹೊರಗೆ ಬಂದು ಮಾಂತಯ್ಯನವರಿಗೆ, "ನಿಮ್ಮ ಯಂತ್ರ ಬಿಚ್ಚರಿ" ಎಂದೆ.

"ಯಾವ ಯಂತ್ರ?"

"ಅಕ್ಕನ ಸ್ಕ್ಯಾನು ಇರೋ ಕಂಪ್ಯೂಟರು. ಅವರದ್ದು ಓದಂಗಿಲ್ಲಂದ್ರ ಓದೋದನ್ನ ಒಯ್ದು ಅವರ ಮುಂದ ಇಡೂಣು."

ಅವರು ಅಡ್ಡಡ್ಡ ತಲೆಯಾಡಿಸಿದರು. "ತಂಗೆವ್ವಾ, ಅದರಾಗ ನಿಮ್ಮಕ್ಕನದೊಂದ ಇಲ್ಲ. ಎಷ್ಟೋ ವರ್ಷದ್ದು ಐತಿ. ಕೆಳಪ್ಯಾಟಿ ಮಂದೀದು ತಲಿ, ಎದಿ, ಬೆನ್ನು, ಮುರದ ಕಾಲು ಎಲ್ಲಾ ಅದರಾಗ. ಎತ್ತೋ ಮಾತಲ್ಲ ಅದು." ನಂತರ ದನಿ ತಗ್ಗಿಸಿದರು. "ಬೇಕಂದ್ರ ಹಳೇವನ್ನ ಅಳಿಸ್ತೀನಿ. ನಿಮ್ಮಕ್ಕನದಷ್ಟ ಉಳಸ್ತೀನಿ. ಹಗುರ ಆಗತೈತಿ. ಯಾರೂ ಕೇಳಂಗಿಲ್ಲ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ಒಂದು ಗಳಿಗೆ ನನ್ನ ಬಾಯಲ್ಲಿ ಹೂಂ ಬಂದಿತ್ತು. ಆದರೆ ಆ ಎಲೆಯಂಥ ಡಿಸ್ಕು ಬೆರಳಿಗೆ ಬಂದದ್ದು ನನ್ನ ಕೈ ಮರೆತಿರಲಿಲ್ಲ. "ಬ್ಯಾಡ್ರೀ" ಎಂದೆ. "ಅವೂ ಯಾರದೋ ಅಕ್ಕ ತಂಗಿ ತಲೀನ. ಎಲ್ಲಾ ಕೂಡೇ ಒಯ್ಯೂಣು."

ಯಂತ್ರ ಬಿಚ್ಚಿದ ಸುದ್ದಿ ತಾನೇ ಹಬ್ಬಿತು. ದಸ್ತಗೀರಣ್ಣನ ಗುಂಪು ಬಂತು, ಹತ್ತಿ ಮಾರ್ಕೆಟ್ಟಿನ ಹಮಾಲರು ಬಂದರು, ಹಮಾಲರಲ್ಲದವರೂ ಬಂದರು. ತನ್ನ ಎದೆಯ ಫೋಟೊ ಅದರೊಳಗಿದೆ ಎಂದು ಒಬ್ಬ ಕ್ಷೌರದಂಗಡಿಯವನು ಕತ್ತರಿ ಅಲ್ಲೇ ಇಟ್ಟು ಬಂದು ಹೆಗಲು ಕೊಟ್ಟ. ತೇರಿನ ಹಗ್ಗದಂಥ ಹಗ್ಗ ಹಾಕಿ, ಕೆಳಗೆ ತೊಲೆ ಕೊಟ್ಟು, ಮರುದಿನ ಬೆಳಕು ಹರಿಯುತ್ತಲೇ ಪಾವಟಿಗೆ ಹತ್ತಿಸಲು ಶುರುಮಾಡಿದೆವು. ಒಂದು ಮೆಟ್ಟಿಲಿಗೆ ಎಲ್ಲರೂ ಸೇರಿ ಒಂದು ಉಸಿರು. ಯಾರಿಗಾದರೂ ಕಾಲು ಜಾರಿದ್ದರೆ ಹಿಂದಿನವರ ಗತಿ ಮುಗಿಯುತ್ತಿತ್ತು. ನಾನು ಪಕ್ಕದಲ್ಲಿ ನೀರಿನ ಕೊಡ ಹಿಡಿದು ಏರುತ್ತಿದ್ದೆ. ನನಗೆ ಆ ಏರಿನಲ್ಲಿ ಬಂದ ಸಿಟ್ಟು ಅಕ್ಕನೊಬ್ಬಳಿಗಾಗಿ ಬಂದದ್ದಲ್ಲ. ಇಷ್ಟು ಮಂದಿ ಇಷ್ಟು ಬೆವರು ಸುರಿಸಿ ಒಯ್ಯುತ್ತಿದ್ದದ್ದು ಒಬ್ಬ ಡಾಕ್ಟರು ಒಂದು ಚಿತ್ರ ನೋಡಲಿ ಎಂದು. ಅಷ್ಟೇ. ಒಂದು ಚಿತ್ರ.

ದೊಡ್ಡ ಆಸ್ಪತ್ರೆಯ ಜಗುಲಿಗೆ ಯಂತ್ರ ಇಳಿಸಿದಾಗ ನೆಲದ ಟೈಲ್ಸು ಒಡೆದವು. ಆ ಸಪ್ಪಳಕ್ಕೆ ಸುರೇಂದ್ರ ಎದ್ದು ಬಂದ. "ಅಮ್ಮಾ, ಹೊರಗಿನ ಯಂತ್ರ ಒಳಗೆ ತರುವ ಹಾಗಿಲ್ಲ" ಎಂದ.

ಜಗುಲಿಯಲ್ಲಿ ಕುಡಿಯುವ ನೀರು ತಣ್ಣಗಿಡುವ ಪೆಟ್ಟಿಗೆ ಒಂದಿತ್ತು. ಅದರ ಪ್ಲಗ್ಗು ಕಿತ್ತು ನಮ್ಮದನ್ನು ಚುಚ್ಚಿದೆ. ಮಾಂತಯ್ಯನವರು ಕೆಳಗೇ ಕೂತು, ಪರದೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕನ ತಲೆ ತೆರೆದರು. ಕಾವಲುಗಾರ ಮುಂದೆ ಬಂದ. ದಸ್ತಗೀರಣ್ಣ ಮತ್ತು ಅವನ ಮಂದಿ ಸುಮ್ಮನೆ ಅಡ್ಡ ನಿಂತರು. ಯಾರೂ ಯಾರನ್ನೂ ಮುಟ್ಟಲಿಲ್ಲ.

ಅನಸೂಯಾ ಡಾಕ್ಟರು ಟೈಲ್ಸು ಒಡೆದ ಸಪ್ಪಳ ಕೇಳಿಯೇ ಬಂದಿರಬೇಕು. ಕುಳ್ಳಗಿನ ಹೆಂಗಸು, ಕನ್ನಡಕ ತಲೆಯ ಮೇಲೆ. "ಏನಿದು?" ಎಂದರು.

"ನಮ್ಮಕ್ಕನ ತಲಿ ರೀ. ಎರಡ ಸಲ ತಂದಿದ್ದೆ, ಕೌಂಟರಿನಿಂದ ಹಿಂದಕ ಕಳಸಿದ್ರು. ಅದಕ್ಕ ಯಂತ್ರಾನ ತಂದೀನಿ."

ಅವರು ಕನ್ನಡಕ ಇಳಿಸಿ ಒಡೆದ ನೆಲದ ಮೇಲೆಯೇ ಮಂಡಿಯೂರಿದರು. ಚಿತ್ರವನ್ನು ತಿರುಗಿಸಿದರು, ಪದರು ಪದರಾಗಿ ಒಳಗೆ ಹೋದರು. "ಯಾವತ್ತಿನದು ಇದು?" ಎಂದು ಕೇಳಿದರು. ಹೇಳಿದೆ. ಅವರು ತಲೆಯೆತ್ತಿ ಸುರೇಂದ್ರನನ್ನು ನೋಡಿದರು.

"ಮೇಡಂ, ನಿಯಮದ ಪ್ರಕಾರ…" ಎಂದು ಅವನು ಶುರುಮಾಡಿದ.

"ನನ್ನ ಸಾಮಾನಿನ ಚೀಲ ತೆಗೆದುಕೊಂಡು ಬಾ. ಓಡು" ಎಂದರು.

ಅವರು ಪಾವಟಿಗೆಯನ್ನು ನನಗಿಂತ ಮುಂದೆ ಇಳಿದರು. ಅಕ್ಕ ಬದುಕಿದಳು. ಆಪರೇಷನ್ನಿನ ನಂತರ ಡಾಕ್ಟರು ನನ್ನನ್ನು ಬದಿಗೆ ಕರೆದು, ಜೀವಕ್ಕೆ ಅಪಾಯವಿಲ್ಲ, ಮಾತು ಅಲ್ಪಸ್ವಲ್ಪ ಮರಳಬಹುದು, ಬಲಗೈ ಮರಳುವುದಿಲ್ಲ ಎಂದರು. ಮೊದಲ ದಿನವೇ ನೋಡಿದ್ದರೆ ಎಂದು ಕೇಳಿದೆ. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. "ಮೊದಲ ದಿನ ನೋಡಿದ್ದರೆ ಕೈಯೂ ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತು" ಎಂದರು. ಅದನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ನನ್ನ ಕಿವಿಗೆ ಸರಿಯಾಗಿ ಬೀಳಲಿ ಎಂದು.

ಇಷ್ಟಕ್ಕೆ ದೊಡ್ಡ ಆಸ್ಪತ್ರೆಯವರಿಗೆ ಸ್ವಲ್ಪವಾದರೂ ನಾಚಿಕೆ ಬಂದೀತು ಎಂದು ನಾನು ತಿಳಿದಿದ್ದೆ. ಅವರು ಒಂದು ಬೋರ್ಡು ಬರೆಸಿದರು. ಕೆಳಪೇಟೆಯ ರೋಗಿಗಳು ಇನ್ನು ಮುಂದೆ ಸ್ಕ್ಯಾನಿನ ಜೊತೆಗೆ ಅದನ್ನು ಓದುವ ಯಂತ್ರವನ್ನೂ ತಾವೇ ಹೊತ್ತು ತರತಕ್ಕದ್ದು, ನೆಲಕ್ಕೆ ಹಾನಿಯಾದಲ್ಲಿ ಅವರೇ ಹೊಣೆ. ದಸ್ತಗೀರಣ್ಣನಿಗೆ ಓದಲು ಬರುವುದಿಲ್ಲ. ಪಾವಟಿಗೆ ಇಳಿದು ಬಂದ ಕಾಲೇಜು ಹುಡುಗರು ಖಾನಾವಳಿಯಲ್ಲಿ ಆ ಬೋರ್ಡಿನ ಮಾತು ಹೇಳಿ ನಗುತ್ತಿದ್ದರು. ಅವನು ಉಣ್ಣುತ್ತಿದ್ದವನು ಕೈ ನಿಲ್ಲಿಸಿದ.

"ನಾವು ಸಿಟ್ಟಿಲೆ ಮಾಡಿದ್ದನ್ನ ಅವರು ಪದ್ಧತಿ ಮಾಡಿದ್ರಲ್ಲ" ಎಂದ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು, ಕೈ ತೊಳೆದುಕೊಂಡು ಬಂದು ಮತ್ತೆ ನನ್ನ ಮುಂದೆ ನಿಂತ. "ತಂಗೆವ್ವಕ್ಕಾ, ಇವತ್ತಿನಿಂದ ಮ್ಯಾಲಿನ ಪ್ಯಾಟಿಗೆ ಒಂದ ಹಾಡೂ ಏರಂಗಿಲ್ಲ. ರೋಗಿಗಳದ್ದು ಬಿಟ್ಟು ಏನೂ ಏರಂಗಿಲ್ಲ."

ಏರಲಿಲ್ಲ. ಟಾಕೀಸಿನ ಹೊಸ ಸಿನಿಮಾ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಬಿದ್ದುಕೊಂಡಿತು. ಕಾಲೇಜಿನ ಪಾಠಗಳು, ಬೇರೆ ಊರಿನಲ್ಲಿ ನಡೆದ ಮದುವೆಗಳು, ವಕೀಲರ ಕಡತಗಳು ಅದರ ಪಕ್ಕದಲ್ಲಿ ಗುಡ್ಡೆಯಾದವು. ಮೇಲಿನ ಗಂಡಸರು ತಾವೇ ಇಳಿದು ಬಂದು ಕಿಸೆಯಲ್ಲಿ ಹಾಡು ತುಂಬಿಕೊಂಡು ಹೊರಟು, ಅರ್ಧ ದಾರಿಯಲ್ಲಿ ಪಾವಟಿಗೆಯ ಮೇಲೆ ಕೂತು ಒಂದೊಂದಾಗಿ ಅಳಿಸುತ್ತಿದ್ದರು. ಮದುವೆ ವಿಡಿಯೊ ನೋಡದ ಬೀಗರು ಜಗಳಕ್ಕೆ ಬಿದ್ದರು. ಹಮಾಲರ ಮನೆಗಳಲ್ಲೂ ಒಲೆ ಸಣ್ಣಗಾಯಿತು. ಅವರಿಗೆ ನಾನು ರೊಟ್ಟಿ ಹಾಕಿದೆ. ನನ್ನ ರೊಟ್ಟಿ ಅಕ್ಕನ ರೊಟ್ಟಿಯಂತಲ್ಲ, ದಪ್ಪ. ಯಾರೂ ಆ ಮಾತು ಆಡಲಿಲ್ಲ.

ಕೊನೆಗೆ ದೊಡ್ಡ ಆಸ್ಪತ್ರೆಯವರು ಒಪ್ಪಿದರು. ಅನಸೂಯಾ ಡಾಕ್ಟರೂ ಒಳಗಿನಿಂದ ಹಟ ಹಿಡಿದಿದ್ದರಂತೆ. ಮೇಲಿನ ಆಸ್ಪತ್ರೆಯಲ್ಲಿರುವಂಥದೇ ಒಂದು ಯಂತ್ರವನ್ನು ಕೆಳಪೇಟೆಯ ಆಸ್ಪತ್ರೆಗೆ ಕೊಡುವುದು. ಅದನ್ನು ಮಾಂತಯ್ಯನವರ ಯಂತ್ರದ ಪಕ್ಕಕ್ಕೆ ಇಟ್ಟು ನಡುವೆ ಒಂದು ವೈರು ಹಾಕುವುದು. ಸ್ಕ್ಯಾನು ಇದರಿಂದ ಅದಕ್ಕೆ ದಾಟಿ, ಮೇಲಿನವರು ಓದುವಂಥ ಡಿಸ್ಕಿಗೆ ಇಳಿಯುತ್ತದೆ. ಕೌಂಟರಿನಲ್ಲಿ ಇಡಿಯಾಗಿ ತೆರೆಯುತ್ತದೆ. ಆ ವೈರು ಎಷ್ಟು ಉದ್ದ ಬೇಕು ಎಂದು ಮಾಂತಯ್ಯನವರನ್ನು ಕೇಳಿದೆ. ಒಂದು ಮೊಳ ಸಾಕು ಎಂದರು. ಒಂದು ಮೊಳ.

ಆ ಯಂತ್ರವನ್ನು ಕೆಳಗೆ ತರುವವರು ಯಾರು ಎಂಬ ಪ್ರಶ್ನೆ ಬಂತು. ನಾವು ಮುಟ್ಟುವುದಿಲ್ಲ ಎಂದ ದಸ್ತಗೀರಣ್ಣ. ಒಪ್ಪಂದದ ದಿನ ಅವನು ಹಾಕಿದ ಷರತ್ತು ಅದೊಂದೇ. "ಗುಂಡಿ ಒತ್ತಿದವರೇ ಹೊತ್ತು ತರಲಿ."

ಸುರೇಂದ್ರ ತಂದ. ಯಂತ್ರದಲ್ಲಿ ಯಾರ ಸ್ಕ್ಯಾನೂ ಇರಲಿಲ್ಲ, ಆದರೂ ಓದುವ ಬರೆಯುವ ಪ್ರೋಗ್ರಾಮುಗಳದ್ದೇ ಒಂದು ಭಾರ ಇರುತ್ತದೆ. ಬೆನ್ನಿಗೆ ಕಟ್ಟಿಕೊಂಡು, ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದು ನಿಂತು ಇಳಿದ. ಕೆಳಪೇಟೆ ಮಂದಿ ಬಾಗಿಲಿಗೆ ಬಂದು ನೋಡಿದರು. ಯಾರೂ ನಗಲಿಲ್ಲ, ಯಾರೂ ಕೈ ಹಚ್ಚಲಿಲ್ಲ. ಆಸ್ಪತ್ರೆಗೆ ಒಪ್ಪಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಬಸ್‌ಸ್ಟ್ಯಾಂಡಿನ ಸುತ್ತ ಉಣ್ಣಲು ಇರುವುದು ನಮ್ಮದೊಂದೇ ಖಾನಾವಳಿ. ಅವನು ಬಂದು ಕೂತ. ನನ್ನ ಗುರುತು ಹಿಡಿದು ಎದ್ದುಹೋಗಲು ನೋಡಿದ, ಆದರೆ ಏಳುವ ಶಕ್ತಿ ಇರಲಿಲ್ಲ.

ನಾನು ಒಲೆಯ ಮುಂದೆಯೇ ನಿಂತೆ. ಅಕ್ಕ ಆ ವಾರವಷ್ಟೇ ಖಾನಾವಳಿಗೆ ಬರಲು ಶುರುಮಾಡಿದ್ದಳು. ಬಡಿಯಲಾಗದಿದ್ದರೂ ಬಡಿಸುತ್ತೇನೆ ಎಂದು ಹಟ ಹಿಡಿದಿದ್ದಳು. ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಅವಳು ಯಾರೆಂದು ಅವನಿಗೂ ಗೊತ್ತಿರಲಿಲ್ಲ. ಅವಳ ತಲೆಯನ್ನು ಎರಡು ಸಲ ಮೇಜಿನ ಮೇಲೆ ಇಟ್ಟುಕೊಂಡವನು ಅವಳ ಮುಖ ನೋಡಿದ್ದು ಅದೇ ಮೊದಲು. ಅಕ್ಕ ಎಡಗೈಯಲ್ಲಿ ರೊಟ್ಟಿ ಹಿಡಿದು ಅವನ ತಟ್ಟೆಯ ಕಡೆ ಚಾಚಿದಳು.

ಅವನು ತಟ್ಟೆಯನ್ನು ತನ್ನತ್ತ ಎಳೆದುಕೊಂಡ. ಬೇಕೆಂದು ಮಾಡಿದ್ದಲ್ಲ. ಎಡಗೈಯಲ್ಲಿ ಬಡಿಸಿದರೆ ಯಾರಾದರೂ ಹಾಗೆಯೇ ಮಾಡುತ್ತಾರೆ. "ಎಡಗೈಲಿ…" ಎಂದು ಅಕ್ಕನ ಕಡೆ ನೋಡಿದ, ಅದೇ ಮೆತ್ತಗಿನ ದನಿಯಲ್ಲಿ.

"ಬಲಗೈ ನಿಮ್ಮ ಕೌಂಟರಿನ್ಯಾಗ ಹೋತ್ರೀ ಸರ" ಎಂದೆ ನಾನು.

ಖಾನಾವಳಿಯಲ್ಲಿ ಉಣ್ಣುತ್ತಿದ್ದವರ ಕೈಗಳೆಲ್ಲ ನಿಂತವು. ಸುರೇಂದ್ರ ಅಕ್ಕನ ಸೆರಗಿನೊಳಗೆ ಮಡಚಿಟ್ಟ ಕೈ ನೋಡಿದ, ತಲೆಯ ಮೇಲೆ ಕೂದಲು ಇನ್ನೂ ಬಾರದ ಜಾಗ ನೋಡಿದ. ಅಕ್ಕ ರೊಟ್ಟಿ ಹಿಡಿದುಕೊಂಡೇ ನಿಂತಿದ್ದಳು. ಅವಳಿಗೆ ಈಗ ಬರುವ ಮಾತು ಬೆರಳೆಣಿಕೆಯವು, ಅವುಗಳಲ್ಲಿ ಒಂದನ್ನು ತೆಗೆದು, "ಉಣ್ಣು" ಎಂದಳು.

ಅವನು ತಟ್ಟೆಯನ್ನು ಮುಂದಕ್ಕೆ ಸರಿಸಿದ. ಅಕ್ಕ ರೊಟ್ಟಿ ಹಾಕಿ, ಪಲ್ಯಕ್ಕಾಗಿ ನನ್ನ ಕಡೆ ತಿರುಗಿದಳು. ಸೌಟು ನನ್ನ ಕೈಯಲ್ಲೇ ಇತ್ತು. ನಾನು ಬಡಿಸಲಿಲ್ಲ.